ಕಣ್ಣಳತೆಯ ಎಣ್ಣೆ

ಟೈಲರಕ್ಕ ಒಮ್ಮೆ ಹಠ ಹಿಡಿದಳೆಂದರೆ ಮುಗಿಯಿತು ಎಂಬುದು ಹೊಳೆ ದಾಟುವ ಕಡವಿನ ಜನಕ್ಕೆಲ್ಲ ಗೊತ್ತು. ಯಾರದೋ ಕೋಟಿನ ತೋಳು ಅರ್ಧ ಬೆರಳು ಉದ್ದವಾಯಿತೆಂದು, ಹೊಲಿಸಿಕೊಂಡವನೇ ಸರಿಯಿದೆ ಬಿಡಿ ಎಂದರೂ ಕೇಳದೆ, ಮೈಮೇಲಿನಿಂದಲೇ ಕಳಚಿಸಿಕೊಂಡು ಬಿಚ್ಚಿ ಹೊಲಿದವಳು. ಅವಳ ಗಂಡ ಇದಕ್ಕೆ ತದ್ವಿರುದ್ಧ. ಜನರನ್ನು ಹೊಳೆ ದಾಟಿಸುವ ದೋಣಿಯವನು, ಬಾಯಿ ತುಂಬ ಮಾತು, ಹುಟ್ಟಿದಾಗಿನಿಂದ ಯಾವುದನ್ನೂ ಅಳೆದವನಲ್ಲ. ಹೆಂಡತಿಯ ಕೈಯಲ್ಲಿ ಟೇಪು ಕಂಡರೆ "ಹಾವು ಬಂತು" ಎಂದು ಕಾಲು ಮೇಲೆತ್ತಿ ಕೂರುವನು. ಇವರಿಬ್ಬರೂ ಒಂದೇ ಕೋಣೆಯ ಮನೆಯಲ್ಲಿ ಇಷ್ಟು ವರ್ಷ ಹೇಗೆ ಬಾಳಿದರೋ. ಆದರೆ ಬಾಳಿದರು, ಚೆನ್ನಾಗಿಯೇ ಬಾಳಿದರು.

ದೋಣಿಯ ಹಿಂಬದಿಗೆ ತಗುಲಿಸಿದ ಮೋಟಾರು ಹಳೇ ಕಾಲದ ಟೂ-ಸ್ಟ್ರೋಕು. ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ ಅದಕ್ಕೆ ಕುಡಿಸಬೇಕು. ಎಣ್ಣೆಗೆ ಕಂಪನಿಯವರು ನೀಲಿ ಬಣ್ಣ ಹಾಕಿರುತ್ತಾರೆ. ಗಾಜಿನ ಜಾಡಿಯಲ್ಲಿ ಪೆಟ್ರೋಲು ಹೊಯ್ದು, ಮುಚ್ಚಳ ಮುಚ್ಚಳವಾಗಿ ಎಣ್ಣೆ ಬಿಟ್ಟು, ಬೆಳಕಿಗೆ ಹಿಡಿದು, ತೆಳು ನೀಲಿ ಕಂಡ ಕೂಡಲೇ ನಿಲ್ಲಿಸುವುದು ಆ ಕಡವಿನ ರೂಢಿ. ಈ ಕಣ್ಣಳತೆಯಲ್ಲಿ ಅವಳ ಗಂಡನನ್ನು ಮೀರಿಸುವವರಿರಲಿಲ್ಲ. ಬೇರೆ ದೋಣಿಯವರೂ ತಮ್ಮ ಜಾಡಿ ಹಿಡಿದು ಅವನ ಹತ್ತಿರ ಬರುತ್ತಿದ್ದ ಕಾಲವಿತ್ತು.

ಇಂಥ ಮೋಟಾರು ಈಚೆಗೆ ಕೈಕೊಡತೊಡಗಿತು. ದಟ್ಟ ಹೊಗೆ ಕಾರುವುದು, ಪ್ಲಗ್ಗು ಕಪ್ಪುಗಟ್ಟುವುದು, ನಡುಹೊಳೆಯಲ್ಲಿ ನಿಂತೇಬಿಡುವುದು. ಎರಡನೇ ಸಲ ನಿಂತಾಗ ದೋಣಿ ತುಂಬ ಶಾಲೆಯ ಮಕ್ಕಳಿದ್ದರು. ಮರುದಿನ ಕಡವಿನ ಮೇಲ್ವಿಚಾರಕ ಮನೆ ಬಾಗಿಲಿಗೇ ಬಂದ.

"ನೋಡಮ್ಮ, ಇನ್ನೊಂದ್ಸಲ ನಡುನೀರಲ್ಲಿ ನಿಂತ್ರೆ ಈ ಕೆಲಸ ಬೇರೆ ದೋಣಿಗೆ ಕೊಡ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

ಅಂದು ಗಂಡ ಒಂದೂ ತಮಾಷೆ ಮಾಡಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ. ದೋಣಿ ಕೈತಪ್ಪಿದರೆ ಈ ಮನುಷ್ಯ ಮನೆಯಲ್ಲಿ ಕೂತು ಕೊರಗಿಯೇ ಸಾಯುತ್ತಾನೆ ಎಂದು ಅವಳಿಗೆ ಭಯವಾಯಿತು. ಭಯವಾದರೆ ಅವಳು ಅಳುವವಳಲ್ಲ, ಕೆಲಸ ಹಿಡಿಯುವವಳು.

ಎಣ್ಣೆಯದೇ ದೋಷ ಎಂದು ಅವಳ ತಲೆಗೆ ಹೊಕ್ಕಿತು. ಮೈದುನ ಬಂದು, "ಕಾರಿಗೆ ಹಾಕೋದು ಹಾಕಿ ಅತ್ತಿಗೆ, ಗಟ್ಟಿಯಾಗಿರುತ್ತೆ," ಎಂದ. ಎಣ್ಣೆಗೂ ಗಟ್ಟಿಮುಟ್ಟಿಗೂ ಏನು ಸಂಬಂಧವೋ, ಅವನನ್ನೇ ಕೇಳಬೇಕು. ಅಂಗಡಿಯವನು ಎಂದಿನಂತೆ ಸ್ಕೂಟರಿನ ಡಬ್ಬಿ ಮುಂದಿಟ್ಟ.

"ಟೂ-ಸ್ಟ್ರೋಕ್ ಅಂದ್ರೆ ಟೂ-ಸ್ಟ್ರೋಕ್ ಅಲ್ವಾ? ಇಷ್ಟು ದಿನ ಇದನ್ನೇ ತಾನೇ ಒಯ್ತಿದ್ದಿದ್ದು?"

"ಅದಕ್ಕೇ ಕೇಳ್ತಿರೋದು. ದೋಣಿಗೆ ಅಂತ ಎಲ್ಲಿ ಬರ್ದಿದೆ, ತೋರ್ಸಿ."

ಡಬ್ಬಿಯನ್ನು ಎಷ್ಟು ತಿರುಗಿಸಿದರೂ ಅವನಿಗೆ ತೋರಿಸಲಾಗಲಿಲ್ಲ. ಅವಳು ಅಂಗಡಿಯಿಂದ ಅಂಗಡಿಗೆ ಅಲೆದಳು, ಕೆಲವರು ನಕ್ಕರು, ಕೆಲವರು ಗೊಣಗಿದರು. ಕೊನೆಗೆ ದೋಣಿ ಮೋಟಾರು ರಿಪೇರಿ ಮಾಡುವ ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತ ಬಿಡಿಸಿ ಹೇಳಿದ.

"ಸ್ಕೂಟರು ಗಾಳಿಗೆ ತಣ್ಣಗಾಗುತ್ತೆ, ನಿಮ್ದು ಹೊಳೆ ನೀರಿಗೆ. ಆ ಎಣ್ಣೆ ನಿಮ್ಮ ಮೋಟಾರಲ್ಲಿ ಬೂದಿ ಬಿಡುತ್ತೆ. ಕಾರಿಂದಂತೂ ಹತ್ರಾನೂ ತರ್ಬೇಡಿ. ನೀರಲ್ಲಿ ತಣಿಯೋ ದೋಣಿ ಮೋಟಾರಿಗೆ ಅಂತ ಡಬ್ಬಿ ಮೇಲಿರ್ಬೇಕು, ಕಂಪನಿ ಯಾವುದಾದ್ರೂ ಸರಿ. ಎಷ್ಟು ಬೆರೆಸ್ಬೇಕು ಅನ್ನೋದು ಮೋಟಾರಿನ ಮೇಲೇ ಇರುತ್ತೆ."

ಮೋಟಾರಿನ ಮೇಲೆ ಗಂಡ ವರ್ಷ ವರ್ಷ ಬಳಿದ ಬಣ್ಣವಿತ್ತು. ಹೊಲಿಗೆ ಬಿಚ್ಚುವ ಕೊಕ್ಕೆಯ ಮೊನೆಯಿಂದ ಪದರ ಪದರವಾಗಿ ಕೆರೆದಾಗ ಅಕ್ಷರ ಕಂಡಿತು: ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ಸರಿಯಾದ ಡಬ್ಬಿಯನ್ನೂ ಹೊಸ ಪ್ಲಗ್ಗನ್ನೂ ತಂದು ಗಂಡನ ಮುಂದಿಟ್ಟಳು.

"ಎಣ್ಣೆ ತಂದ್ಯಲ್ಲ, ಸಾಕು. ಬೆರೆಸೋದು ನಂಗೆ ಬಿಡು," ಎಂದ. ಅವನ ಮರ್ಯಾದೆಯ ವಿಷಯವಲ್ಲವೇ ಎಂದು ಬಿಟ್ಟಳು. ಆ ವಾರವೇ ಕಿಟಕಿಯಿಂದ ನೋಡಿದರೆ ದೋಣಿಯ ಹಿಂದೆ ಮತ್ತೆ ಅದೇ ದಟ್ಟ ಹೊಗೆ. ಹೊಸ ಪ್ಲಗ್ಗೂ ಮಸಿ.

ಮರುದಿನ ಬೆಳಿಗ್ಗೆ ಹೊಲಿಗೆ ಬದಿಗಿಟ್ಟು ಕಡವಿಗೆ ಇಳಿದಳು. ಗಂಡ ಜಾಡಿಯನ್ನು ಬೆಳಕಿಗೆ ಎತ್ತಿ ಹಿಡಿದಿದ್ದ. ಒಳಗಿನದು ಶಾಯಿಯಷ್ಟು ನೀಲಿಯಾಗಿತ್ತು.

"ಇನ್ನೂ ನೀಲಿ ಬರ್ಲಿಲ್ಲ," ಎಂದು ಅವನು ಮತ್ತೊಂದು ಮುಚ್ಚಳ ಎಣ್ಣೆ ಬಗ್ಗಿಸಿದ.

ತಮಾಷೆಯೆಂದುಕೊಂಡು ಮುಖ ನೋಡಿದಳು. ಅವನು ನಗುತ್ತಿರಲಿಲ್ಲ. ಜಾಡಿಯನ್ನು ಕಿತ್ತುಕೊಂಡು ಅವನ ಮೂಗಿನ ಮುಂದೆ ಹಿಡಿದಳು.

"ಇದು ನಿಂಗೆ ಯಾವ ಬಣ್ಣ ಕಾಣ್ತಿದೆ?"

ಅವನು ಕಣ್ಣು ಕಿರಿದಾಗಿಸಿ ನೋಡಿದ. "ಒಂಥರಾ ಮಾಸಲು ಹಳದಿ," ಎಂದ.

"ಯಾವಾಗಿಂದ?"

"ಕಳೆದ ಬೇಸಿಗೆಯಿಂದ. ಎಲ್ಲಾ ಮಂಜು ಮಂಜು."

"ಆಚೆ ದಡ ಕಾಣುತ್ತಾ?"

"ಮೋಟಾರಿನ ಸದ್ದು ಆಚೆ ಕಲ್ಲುಗೋಡೆಗೆ ಬಡಿದು ವಾಪಸ್ ಬರುತ್ತೆ. ಅದನ್ನ ಕೇಳ್ಕೊಂಡು ಹೋಗ್ತೀನಿ."

ದೋಣಿ ತುಂಬ ಕೂತಿದ್ದ ಆ ಮಕ್ಕಳು ನೆನಪಾದರು. ಜಾಡಿಯನ್ನು ಕಲ್ಲಿಗೆ ಅಪ್ಪಳಿಸುವಷ್ಟು ಸಿಟ್ಟು ಬಂತು. ಅದರ ಹಿಂದೆಯೇ, ಮಂಜಿನಲ್ಲಿ ಒಬ್ಬನೇ ಕಿವಿಗೊಟ್ಟು ಹೋಗಿ ಬರುತ್ತಿದ್ದ ಈ ಮಾತುಗಾರನ ಮೇಲೆ ಮರುಕವೂ ಬಂತು.

"ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ನನ್ ಕೈಯಿಂದ ದೋಣಿ ಬಿಡಿಸ್ತಿದ್ದೆ."

"ಬಿಡಿಸ್ತಿದ್ದೆ," ಎಂದಳು.

ಕಾಯುತ್ತಿದ್ದವರಿಗೆಲ್ಲ ಪಕ್ಕದ ದೋಣಿ ತೋರಿಸಿದಳು. ಟ್ಯಾಂಕಿನಲ್ಲಿದ್ದುದನ್ನು ಡಬ್ಬಕ್ಕೆ ಬಸಿದು, ಔಷಧಿಯ ಅಳತೆ ಲೋಟದಲ್ಲಿ ಎಣ್ಣೆ ಅಳೆದು ಹೊಸದಾಗಿ ಬೆರೆಸಿದಳು. ಮಸಿ ಹಿಡಿದ ಪ್ಲಗ್ಗನ್ನು ಉಜ್ಜಿ ಕೂರಿಸಿದಳು. ಕಣ್ಣಾಸ್ಪತ್ರೆ ಇದ್ದದ್ದು ಆಚೆ ದಡದಲ್ಲಿ.

"ದೋಣಿ ಹತ್ತು. ಮುಂದೆ ಕೂತ್ಕೋ."

"ನಿಂಗೆ ಓಡಿಸೋಕ್ಕೆ ಬರಲ್ಲ."

"ನಿಂಗೆ ಕಾಣಲ್ಲ. ನೀನು ಹೇಳು, ನಾನು ನೋಡ್ತೀನಿ."

ಮೋಟಾರಿನ ಹಗ್ಗ ಎಳೆದಳು, ಮತ್ತೆ ಎಳೆದಳು, ಅಂಗೈ ತರಚಿತು, ಮೋಟಾರು ಶುರುವಾಯಿತು. ಸೆಳವು ಎಲ್ಲಿ ಎಳೆಯುತ್ತದೆ, ಎಲ್ಲಿ ಬಿಡುತ್ತದೆ ಎಂದು ಅವನು ಮುಂದಿನಿಂದ ಹೇಳುತ್ತಾ ಹೋದ, ಅವಳು ತಿರುಗಿಸುತ್ತಾ ಹೋದಳು. ನಡುಹೊಳೆ ಬಂದರೂ ಮೋಟಾರು ಮುಗ್ಗರಿಸಲಿಲ್ಲ. ಅಲ್ಲಿ ಅವನು ಹೇಳುವುದನ್ನು ನಿಲ್ಲಿಸಿದ.

"ಡಾಕ್ಟ್ರು ಸರಿಹೋಗಲ್ಲ ಅಂದ್ಬಿಟ್ರೆ?"

"ಆಗ ದಿನಾ ಹೀಗೇ ಹೋಗೋದು," ಎಂದು ಅವಳು ಮೋಟಾರಿನ ವೇಗ ಏರಿಸಿದಳು. "ಹೇಳು, ಈಗ ಯಾವ ಕಡೆ?"