ಜನರೇಟರ್ ಬೋಗಿಯಲ್ಲಿ ಕೇಳಿದ ಕರೆ

ಯಾರೂ ಇಲ್ಲದ ಕಡೆ ತಮ್ಮನ್ನು ಯಾರೋ ಕರೆದರು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಇಂಥ ಕತೆಗಳಿಗೆ ಬರವಿರಲಿಲ್ಲ. ನಾನು ಎಂಜಿನ್ ರಿಪೇರಿ ಕಲಿತವನು. ಸಪ್ಪಳ ಬಂತೆಂದರೆ ಎಲ್ಲೋ ಒಂದು ನಟ್ಟು ಸಡಿಲಾಗಿರಬೇಕು, ಇಲ್ಲವೇ ಬೇರಿಂಗ್ ಸವೆದಿರಬೇಕು ಎಂದೇ ನಂಬಿದ್ದೆ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಏಸಿ ರೈಲೊಂದರ ಜನರೇಟರ್ ಬೋಗಿಯಲ್ಲಿ ಕೆಲಸಕ್ಕಿದ್ದೆ. ಇಡೀ ರೈಲಿನ ದೀಪ, ಫ್ಯಾನು, ತಂಪು ಗಾಳಿಗೆಲ್ಲ ಆ ಬೋಗಿಯಿಂದಲೇ ಕರೆಂಟು. ಒಳಗೆ ಎರಡು ಭಾರೀ ಡೀಸೆಲ್ ಎಂಜಿನ್ನುಗಳು, ಅವುಗಳ ಎಡಕ್ಕೂ ಬಲಕ್ಕೂ ಒಬ್ಬರೇ ಹಾಯುವಷ್ಟು ದಾರಿ; ಒಂದು ಬದಿಯಲ್ಲಿದ್ದವರಿಗೆ ಇನ್ನೊಂದು ಬದಿ ಕಾಣುತ್ತಿರಲಿಲ್ಲ. ಬಾಗಿಲಿನಾಚೆ ಮೀಟರುಗಳಿದ್ದ ಪುಟ್ಟ ಕೋಣೆ. ಎಂಜಿನ್ ಓಡುವಾಗ ಕಿವಿಗೆ ಬಾಯಿಟ್ಟು ಚೀರಿದರೂ ಮಾತು ಕೇಳುತ್ತಿರಲಿಲ್ಲ. ಕಿವಿಗೆ ಅರಳೆ ತುರುಕಿಕೊಂಡು ಕೈಸನ್ನೆಯಲ್ಲೇ ಮಾತಾಡುತ್ತಿದ್ದೆವು.

ನನ್ನ ಜೊತೆಗಿದ್ದವರು ರಾಮದುರ್ಗದ ದಸ್ತಗೀರ್ ಚಾಚಾ. ಮಲಪ್ರಭೆಯ ದಂಡೆಯ ಹೊಲಗಳಲ್ಲಿ ನೀರೆತ್ತುವ ಎಂಜಿನ್ನುಗಳನ್ನು ದುರಸ್ತಿ ಮಾಡುತ್ತ ಬೆಳೆದ ಮನುಷ್ಯ. ಎಂಜಿನ್ನಿನ ಮೈಮೇಲೆ ಅಂಗೈ ಇಟ್ಟು ಅದರ ರೋಗ ಹೇಳುತ್ತಿದ್ದರು. ನನಗೆ ಕೆಲಸ ಕಲಿಸಿದವರು ಅವರೇ. ನನ್ನ ಮದುವೆಗೆ ರಜೆ ಹಾಕಿ ಬಂದು, ಹಂದರಕ್ಕೆ ದೀಪ ಕಟ್ಟಿ, ಊಟಕ್ಕೆ ಎಲ್ಲರಿಗಿಂತ ಕೊನೆಗೆ ಕುಳಿತಿದ್ದರು.

ಅವತ್ತು ಮಧ್ಯಾಹ್ನ ರೈಲು ಬಯಲಿನಲ್ಲಿ ಜೋರಾಗಿ ಓಡುತ್ತಿತ್ತು. ನಾನು ಒಳಗೆ, ದೂರದ ಎಂಜಿನ್ನಿನ ಬಳಿ ಎಣ್ಣೆ ಎಷ್ಟಿದೆ ಎಂದು ನೋಡುತ್ತಿದ್ದೆ. ಚಾಚಾ ಕೋಣೆಯಲ್ಲಿ ಮೀಟರಿನ ಮುಂದೆ ಕುಳಿತಿದ್ದರು. ಆಗ ಕೇಳಿತು:

“ತಮ್ಮಾ, ಹೊರಗ ಬಾ.”

ಚಾಚಾನ ದನಿ. ಮನೆಯ ಕಟ್ಟೆಯ ಮೇಲೆ ಪಕ್ಕದಲ್ಲಿ ಕುಳಿತು ಅಂದ ಹಾಗೆ, ಮೆಲ್ಲಗೆ. ಆ ಸದ್ದಿನಲ್ಲಿ, ಅರಳೆ ತುಂಬಿದ ಕಿವಿಗೆ ಅದು ಹೇಗೆ ಕೇಳಿತು ಎಂಬ ಯೋಚನೆ ಆಗ ಬರಲೇ ಇಲ್ಲ. ಹಿರಿಯರು ಕರೆದರು, ಹೋದೆ, ಅಷ್ಟೇ. ಎಡಗಡೆಯ ದಾರಿಯಿಂದ ನಡೆದು ಬಾಗಿಲು ದಾಟಿದೆ. ಕೋಣೆ ಖಾಲಿಯಿತ್ತು.

ತಿರುಗುವಷ್ಟರಲ್ಲಿ ಒಳಗೆ ಧಗ್ಗೆಂದಿತು. ಎಣ್ಣೆಯ ಪೈಪು ಬಿರಿದು, ನಾನು ನಿಂತಿದ್ದ ಜಾಗದಲ್ಲೇ ಬೆಂಕಿ ಎದ್ದಿತ್ತು. ಎಂಜಿನ್ ಬಂದ್ ಮಾಡಿ, ರೈಲು ನಿಲ್ಲಿಸಿ, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನುಗ್ಗಿದೆ. ಬಲಗಡೆಯ ದಾರಿಯ ಕೊನೆಯಲ್ಲಿ ಚಾಚಾ ಬಿದ್ದಿದ್ದರು. ಅಂಗಿ ಯಾವುದು, ಚರ್ಮ ಯಾವುದು ತಿಳಿಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಎರಡು ದಿನ ಜೀವ ಹಿಡಿದಿದ್ದರು. ಎರಡನೆಯ ದಿನ ಎಚ್ಚರವಾದಾಗ ತಡೆಯಲಾರದೆ ಕೇಳಿದೆ:

“ಚಾಚಾ, ನನ್ನ ಹೊರಗ ಕರದು ನೀವ್ಯಾಕ ಒಳಗ ಬಂದ್ರಿ?”

ಅವರು ನನ್ನನ್ನೇ ನೋಡಿದರು.

“ನಾ ಎಲ್ಲಿ ಕರದ್ನೋ? ನೀನ ಕರದಿ. ‘ಚಾಚಾ, ಒಳಗ ಬರ್ರಿ’ ಅಂದಿ. ಕಿವ್ಯಾಗ ಅಂದಂಗ ಆತು.”

ಅವತ್ತು ನಾನು ಬಾಯಿಯನ್ನೇ ಬಿಟ್ಟಿರಲಿಲ್ಲ. ಅದನ್ನು ಹೇಳುವಷ್ಟರಲ್ಲಿ ಅವರಿಗೆ ಮತ್ತೆ ಎಚ್ಚರ ತಪ್ಪಿತ್ತು. ಸಂಜೆಗೆ ತೀರಿಕೊಂಡರು. ನೋವಿನ ಔಷಧಿಯ ಅಮಲಿನಲ್ಲಿ ಹಾಗೆಲ್ಲ ಬಡಬಡಿಸುತ್ತಾರೆ ಎಂದು ಡಾಕ್ಟರು ಸಮಾಧಾನ ಹೇಳಿದರು. ಇರಬಹುದು. ಆದರೆ ನಾನು ಯಾವ ಔಷಧಿಯನ್ನೂ ಕುಡಿದಿರಲಿಲ್ಲವಲ್ಲ!

ರಾಮದುರ್ಗದಲ್ಲಿ ಮಣ್ಣು ಮಾಡಿ ಬಂದ ಮೇಲೆ ಅವರ ಹೆಂಡತಿ ನನ್ನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಕೇಳಿದರು:

“ಅವರ ಕೆಲಸ ಹೊರಗಿತ್ತಂತ. ಒಳಗ ಯಾಕ ಹೋದ್ರು? ನೀ ಏನರ ಕರದಿದ್ದ್ಯಾ?”

“ಇಲ್ರಿ ಚಾಚಿ. ನಾ ಕರದಿಲ್ಲ.”

“ಹಂಗಾರ ಯಾರು ಕರದ್ರಪಾ?”

ಆಸ್ಪತ್ರೆಯಲ್ಲಿ ಚಾಚಾ ಅಂದ ಮಾತನ್ನು ನಾನು ಹೇಳಲಿಲ್ಲ, ಇಂದಿಗೂ ಹೇಳಿಲ್ಲ. ಆ ಕೆಲಸ ಬಿಟ್ಟು ಊರಿಗೆ ಬಂದು ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದೇನೆ. ನನ್ನನ್ನು ಹೊರಗೆ ಕರೆದ ದನಿಗೆ ಕೈ ಮುಗಿಯೋಣವೆಂದರೆ, ಅವರನ್ನು ಒಳಗೆ ಕರೆದದ್ದೂ ಅದೇ ಅಲ್ಲವೇ ಅನ್ನಿಸಿ ಕೈ ಮೇಲೇಳುವುದಿಲ್ಲ. ವರ್ಷಕ್ಕೊಮ್ಮೆ ಚಾಚಿಯನ್ನು ನೋಡಿ ಬರುತ್ತೇನೆ. ಅವರು ಮತ್ತೆ ಆ ಪ್ರಶ್ನೆ ಕೇಳಿಲ್ಲ. ಚಹಾ ಕೊಟ್ಟು ಎದುರಿಗೆ ಕುಳಿತು, ನಾನು ಏಳುವ ತನಕ ನನ್ನ ಬಾಯಿಯನ್ನೇ ನೋಡುತ್ತಿರುತ್ತಾರೆ.