ಮಿಲಿಮೀಟರ್ ಇಸಕ್ಕಿಮುತ್ತು

ತಿರುನೆಲ್ವೇಲಿ ಬಳಿಯ ಪುರಸಭೆಯೊಂದರ ಸರ್ವೇಯರ್ ಇಸಕ್ಕಿಮುತ್ತು ಮದುವೆ ಊಟಕ್ಕೆ ಕೂತರೂ ಎಲೆಯಿಂದ ಎಲೆಗೆ ಎಷ್ಟು ದೂರವೆಂದು ಕಣ್ಣಲ್ಲೇ ಅಳೆಯುತ್ತಾರೆ. ಸೈಟನ್ನು ಭಾಗ ಮಾಡಿಸಲು ಬಂದವರು ಎಷ್ಟು ಬೇಡಿಕೊಂಡರೂ ಅವರದು ಒಂದೇ ಮಾತು: “ಅಳತೆಗೆ ದಾಕ್ಷಿಣ್ಯ ಇಲ್ಲ.” ಪೇಚ್ಚಿಯಮ್ಮ ತನ್ನ ಜಾಗವನ್ನು ಇಬ್ಬರು ಹೆಣ್ಣುಮಕ್ಕಳಿಗೆ ಹಂಚಲು ಹೊರಟಾಗ, ನಿಯಮದ ಪ್ರಕಾರ ಸೈಟಿಗೆ ಆರರಂತೆ ಒಟ್ಟು ಹನ್ನೆರಡು ಮೀಟರ್ ಅಗಲ ಬೇಕಿತ್ತು; ಆದರೆ ಸುಡು ಮಧ್ಯಾಹ್ನದಲ್ಲಿ ಉಕ್ಕಿನ ಟೇಪು ಎರಡು ಮಿಲಿಮೀಟರ್ ಕಡಿಮೆ ತೋರಿಸಿತು. “ತಮ್ಮಾ, ಒಂದು ಅಕ್ಕಿಕಾಳಿನ ದಪ್ಪಕ್ಕೆ ಚಿಕ್ಕವಳಿಗೆ ಮನೆ ಇಲ್ಲ ಅಂತೀಯಾ? ನಿನ್ನ ಮೀಸೇನೇ ಅದಕ್ಕಿಂತ ದಪ್ಪ ಇದೆ!” ಎಂದು ಆಕೆ ರೇಗಿದಳು. ಇಸಕ್ಕಿಮುತ್ತು ಕಾದ ಟೇಪನ್ನು ಮುಟ್ಟಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡಿದ್ದ ಅಳತೆಯನ್ನು ಹೊಡೆದುಹಾಕಿದರು. “ಬಿಸಿಲಿಗೆ ಟೇಪು ಹಿಗ್ಗಿದೆ, ಅಕ್ಕಾ. ಹಿಗ್ಗಿದರೆ ಜಾಗ ಕಡಿಮೆ ತೋರಿಸುತ್ತೆ. ನಾಳೆ ಬೆಳಿಗ್ಗೆ ತಂಪಲ್ಲಿ ಅಳೀತೀನಿ. ಮಕ್ಕಳನ್ನ ಕರ್ಕೊಂಡು ಬನ್ನಿ, ಮಧ್ಯದ ಗಡಿಕಲ್ಲನ್ನ ಅವರಿಬ್ಬರೇ ನೆಡಲಿ.”