ರೇಣುಕಾ ಓದಿದ ‘ಮನಿ’

ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಎಣ್ಣೆ ಹಳೆಯ ಪೇಪರಿಗೆ ಇಳಿದಾಗ ಬರುವ ಘಮ ನಿಮಗೂ ಗೊತ್ತಿರಬಹುದು. ಮೊನ್ನೆ ಹೈದರಾಬಾದಿನ ಅಬಿಡ್ಸ್‌ನ ಅಂಗಡಿಯೊಂದರಲ್ಲಿ ಅದು ಮೂಗಿಗೆ ಬಡಿಯಿತು. ಬಾಯಲ್ಲಿ ನೀರೂರಲಿಲ್ಲ, ಸಿಟ್ಟು ಬಂತು. ಅಪ್ಪ, ಅವ್ವ ರಾಯಚೂರು ಕಡೆಯಿಂದ ಇಲ್ಲಿಗೆ ಗಾರೆ ಕೆಲಸಕ್ಕೆ ಬಂದವರು. ಗಚ್ಚಿಬೌಲಿಯಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅವುಗಳ ಬೆನ್ನಿಗೆ ನಮ್ಮಂಥವರ ತಗಡಿನ ಮನೆಗಳ ಸಾಲು. ಊರಿನಿಂದ ಆಯಿ, ನಮ್ಮ ಅಜ್ಜಿ, ಬಸ್ಸಿನವರ ಕೈಯಲ್ಲಿ ಖಡಕ್ ರೊಟ್ಟಿ, ಹಿಂಡಿ ಕಳಿಸುತ್ತಿದ್ದಳು, ಕನ್ನಡ ಪೇಪರಿನಲ್ಲಿ ಸುತ್ತಿ. ರೊಟ್ಟಿ ತೆಗೆದಿಟ್ಟ ಮೇಲೆ ಅಪ್ಪ ಆ ಪೇಪರನ್ನು ತೊಡೆಯ ಮೇಲೆ ಹರವಿ, ಅಂಗೈಯಿಂದ ಸುಕ್ಕು ತೀಡಿ, ನನ್ನ ತಂಗಿ ರೇಣುಕಾಳನ್ನು ಪಕ್ಕಕ್ಕೆ ಕೂಡಿಸಿಕೊಳ್ಳುತ್ತಿದ್ದ. ಅವನೇ ಕಲಿಸಿದ ಅಕ್ಷರ. ಅವಳು ಬೆರಳಿಟ್ಟು ಓದುತ್ತಿದ್ದಳು. ಪೇಪರು ಹರಿದ ಕಡೆ ಬಂದರೆ ತಲೆ ಎತ್ತಿ, “ಅಪ್ಪಾ, ಮುಂದ ಹರದೈತಿ” ಎನ್ನುವಳು. “ನೀನ ಹೇಳವಾ ಮುಂದ ಏನಾತಂತ” ಎನ್ನುವನು ಅಪ್ಪ. ಅವಳು ಹೇಳುತ್ತಿದ್ದಳು. ಕಳ್ಳ ಸಿಗುತ್ತಿದ್ದ, ಕಳೆದುಹೋದ ಎಮ್ಮೆ ಕೊಟ್ಟಿಗೆಗೆ ಬರುತ್ತಿತ್ತು. ಒಲೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಅವ್ವ ನಗುತ್ತಿದ್ದಳು. ನಮ್ಮ ಬಡತನದ ಮನೆಯಲ್ಲಿ ಅಷ್ಟು ಸುಖವಿತ್ತು.

ಹತ್ತಿರದ ತೆಲುಗು ಶಾಲೆಗೆ ನಾವಿಬ್ಬರೂ ಹೋಗುತ್ತಿದ್ದೆವು. ನಾನು ಐದನೆಯ ತರಗತಿ, ಅವಳು ಮೂರನೆಯದು. ತೆಲುಗಿನ ಅಕ್ಷರಗಳು ನಮ್ಮ ಅಕ್ಷರಗಳ ಅಕ್ಕತಂಗಿಯರ ಹಾಗೆ ಇರುವುದರಿಂದ ಅವಳಿಗೆ ಅವು ಬಲು ಬೇಗ ಒಲಿದವು. ರಸ್ತೆಯಲ್ಲಿ ಹೋಗುವಾಗ ಗೋಡೆಯ ಮೇಲಿನ ತೆಲುಗನ್ನು ಕಣ್ಣಲ್ಲೇ ಓದಿ, ಅವ್ವನಿಗೆ ಕನ್ನಡದಲ್ಲಿ ಹೇಳಿಬಿಡುತ್ತಿದ್ದಳು. ಅಕ್ಷರ ಬಾರದ ಅವ್ವನಿಗೆ ಆ ಊರು ಅರ್ಥವಾಗುತ್ತಿದ್ದುದೇ ಆ ಪುಟ್ಟ ಬಾಯಿಂದ.

ಒಂದು ದಿನ ಶಾಲೆಗೆ ಕಾರಿನಲ್ಲಿ ಇಬ್ಬರು ಮೇಡಂಗಳು ಬಂದರು. ಯಾವುದೋ ಸಂಸ್ಥೆಯವರು. ಚಿಕ್ಕ ಮಕ್ಕಳಿಗೆ ಓದು ಎಷ್ಟು ಬಂದಿದೆ ಎಂದು ಅಳೆಯಲು ಬಂದಿದ್ದರಂತೆ. ವರಾಂಡದಲ್ಲಿ ಕುರ್ಚಿ ಹಾಕಿ, ಕೈಯಲ್ಲಿ ಗಡಿಯಾರ ಹಿಡಿದು, ಒಬ್ಬೊಬ್ಬರನ್ನೇ ಕರೆದು ತೆಲುಗು ಪದಗಳ ಕಾರ್ಡು ತೋರಿಸಿದರು. ಗಡಿಯಾರ ನಿಲ್ಲುವುದರೊಳಗೆ ಓದಬೇಕು. ರೇಣುಕಾಳ ಮುಂದೆ ಬಂದ ಮೊದಲ ಕಾರ್ಡಿನಲ್ಲಿ ‘ಇಲ್ಲು’ ಎಂದಿತ್ತು, ಅಂದರೆ ಮನೆ. ಹೆದರಿದ ಹುಡುಗಿ ಒಂದು ಉಸಿರು ಎಳೆದುಕೊಂಡು, “ಮನಿ” ಎಂದಳು.

ಮೇಡಂ ಗೊಳ್ಳೆಂದು ನಕ್ಕರು. “ಮನೀ ಅಂಟ! ಡಬ್ಬುಲು ಕಾವಾಲಾ ನೀಕು?” ದುಡ್ಡು ಬೇಕಾ ನಿನಗೆ ಎಂದು! ಅವರಿಗೆ ಕೇಳಿದ್ದು ಇಂಗ್ಲಿಷಿನ ಮನಿ. ಸಾಲಿನಲ್ಲಿದ್ದ ಮಕ್ಕಳೆಲ್ಲ ನಕ್ಕರು. ‘ಚೆಟ್ಟು’ ಎಂಬ ಕಾರ್ಡಿಗೆ ಅವಳು “ಗಿಡ” ಎಂದಳು. ‘ಪಿಲ್ಲಿ’ಗೆ “ಬೆಕ್ಕು” ಎಂದಳು, ಆಗಲೇ ಅಳುದನಿ. ಪ್ರತಿಯೊಂದಕ್ಕೂ ತಪ್ಪು ಬಿತ್ತು. ನಾನು ಸಾಲು ಬಿಟ್ಟು ಓಡಿಹೋಗಿ, ನನ್ನ ತೆಲುಗಿನಲ್ಲಿ, “ಮೇಡಂ, ಅವಳು ಹೇಳಿದ್ದು ಸರಿಯೇ ಇದೆ, ಕನ್ನಡದಲ್ಲಿ ಹೇಳುತ್ತಿದ್ದಾಳೆ” ಎಂದೆ. ಅವರು ತಲೆ ಎತ್ತದೆ, ಎಷ್ಟು ಮೃದುವಾಗಿ ಹೇಳಿದರು ಗೊತ್ತೇ? ಪಕ್ಕದವರು ಹೇಳಿಕೊಡಬಾರದಮ್ಮಾ, ಹೋಗಿ ಕೂತುಕೋ.

ಆ ಮೃದುತನವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಅವರ ಕಣ್ಣು ಗಡಿಯಾರದ ಮೇಲಿತ್ತು, ನನ್ನ ತಂಗಿಯ ಮುಖದ ಮೇಲಿರಲಿಲ್ಲ. ಒಂದು ಭಾಷೆಯ ಅಕ್ಷರ ನೋಡಿ, ಅರ್ಥ ಹಿಡಿದು, ಅದನ್ನು ಇನ್ನೊಂದು ಭಾಷೆಗೆ ದಾಟಿಸಿದ ಮಗುವಿಗೆ ಓದು ಬರುವುದಿಲ್ಲವಂತೆ! ಹಾಗಾದರೆ ಓದು ಎಂದರೆ ಏನು? ಗಂಟಲಿನ ಸದ್ದೇ?

ರೇಣುಕಾ ಅಕ್ಷರ ಬಾರದವರ ಗುಂಪಿಗೆ ಬಿದ್ದಳು. ಒಂದನೆಯ ತರಗತಿಯ ಕೂಸುಗಳ ಜೊತೆ ಕೂತು ಮತ್ತೆ ಅ, ಆ ತಿದ್ದಬೇಕಾಯಿತು. ಮನೆಯಲ್ಲಿ ನಾನು ಕೂಗಾಡಿದೆ. ಅವ್ವ ನಂಬಲಿಲ್ಲ. “ಅಷ್ಟ್ ಓದಿದವ್ರು ಸುಳ್ಳ ಹೇಳ್ತಾರೇನ?” ಎಂದಳು. ಅಪ್ಪ ಮಾತ್ರ ಕೆಲಸ ಬಿಟ್ಟು ನನ್ನ ಜೊತೆ ಶಾಲೆಗೆ ಬಂದ. ಸಿಮೆಂಟು ಮೆತ್ತಿದ ಪಾದಗಳನ್ನು ಹೊಸ್ತಿಲಾಚೆಯೇ ಇಟ್ಟು ಕೈ ಮುಗಿದ. “ಸರ್ರ, ನನ್ ಮಗಳು ಓದ್ತಾಳ್ರಿ. ಇನ್ನೊಮ್ಮೆ ಕೇಳಿ ನೋಡ್ರಿ.” ಹೆಡ್‌ಮಾಸ್ತರರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ತೆಲುಗಿನಲ್ಲಿ ಹೇಳಿದೆ. ಫಲಿತಾಂಶ ಮೇಲಕ್ಕೆ ಹೋಗಿಯಾಗಿದೆ, ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಯಾರೂ ಬರಲಿಲ್ಲ.

ಊರಿನಿಂದ ಮತ್ತೆ ಬುತ್ತಿ ಬಂದಾಗ ಅಪ್ಪ ಎಂದಿನಂತೆ ಪೇಪರು ಹರವಿದ. ರೇಣುಕಾ ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿ, “ಅಕ್ಕ ಓದ್ಲಿ” ಎಂದಳು. ನಾನು ಓದಿದೆ, ಒಂದಕ್ಷರ ತಪ್ಪಿಲ್ಲದೆ. ಹರಿದ ಕಡೆ ಬಂದಾಗ ನಿಲ್ಲಿಸಿದೆ. ಮುಂದೆ ಏನಾಯಿತೆಂದು ಯಾರೂ ಕೇಳಲಿಲ್ಲ.

ಸ್ವಲ್ಪ ದಿನಕ್ಕೆ ಅವಳು ಶಾಲೆಗೆ ಹೋಗುವುದನ್ನೇ ಬಿಟ್ಟಳು. ಸಾಲುಮನೆಗಳ ಕೂಸುಗಳನ್ನು ಆಡಿಸಿಕೊಂಡು ದೊಡ್ಡವಳಾದಳು, ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಡಬ್ಬಿ ಕಟ್ಟುವ ಕೆಲಸಕ್ಕೆ ಸೇರಿದಳು. ನಾನು ಓದಿ ಟೀಚರಾದೆ. ನಮ್ಮ ತಗಡಿನ ಮನೆಗಳಿದ್ದ ಕಡೆ ಈಗ ಕಾರುಗಳು ನಿಲ್ಲುತ್ತವೆ. ಅವ್ವ ಹೋದಳು. ಅಪ್ಪನೂ ಹಾಸಿಗೆ ಹಿಡಿದು ಆಸ್ಪತ್ರೆ ಸೇರಿದ. ಒಂದು ಮಧ್ಯಾಹ್ನ ಅವನು ಮಾತ್ರೆಯ ಪೊಟ್ಟಣವನ್ನು ರೇಣುಕಾಳ ಕಡೆ ಚಾಚಿದ. ಹೇಗೆ ತಗೊಳ್ಳಬೇಕೆಂದು ಔಷಧಿ ಅಂಗಡಿಯವನು ಅದರ ಮೇಲೆ ತೆಲುಗಿನಲ್ಲಿ ಬರೆದಿದ್ದ. ಅವಳು ಅದರ ಕಡೆ ಕಣ್ಣು ಹಾಯಿಸಲೂ ಇಲ್ಲ, ನನ್ನ ಕೈಗೆ ದಾಟಿಸಿದಳು.

“ಅಕ್ಕಾ, ನೀ ನೋಡು. ನನಗ ಓದಾಕ ಬರಂಗಿಲ್ಲಲ್ಲ.”

ಅವಳ ದನಿಯಲ್ಲಿ ನೋವಿರಲಿಲ್ಲ. ತನಗೆ ಬದನೆಕಾಯಿ ಸೇರುವುದಿಲ್ಲ ಎನ್ನುವಷ್ಟು ಸಹಜವಾಗಿ ಹೇಳಿದಳು. ನನ್ನ ಮೈಯೆಲ್ಲ ಉರಿದು ಹೋಯಿತು. ಅಪ್ಪ ಅವಳ ಕೈಯನ್ನು ಎಳೆದು ಎದೆಯ ಮೇಲೆ ಇಟ್ಟುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ. ನಿದ್ದೆ ಹತ್ತುವವರೆಗೂ ಆ ಕೈ ಬಿಡಲಿಲ್ಲ.